ಕೆಲಸದ ಜಾಗದ ಸುರಕ್ಷತೆ ಮತ್ತು ಕಾನೂನು: ಮೈಸೂರು–ಮಂಡ್ಯ ಭಾಗದ ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿಯ ಶೆಡ್ಡುಗಳಲ್ಲಿ, ನಂಜನಗೂಡು ಮತ್ತು ಗೆಜ್ಜಲಗೆರೆಯ ಕಾರ್ಖಾನೆಗಳಲ್ಲಿ, ಮದ್ದೂರು–ಪಾಂಡವಪುರ ಸುತ್ತಿನ ಅಕ್ಕಿ ಗಿರಣಿ ಮತ್ತು ಆಲೆಮನೆಗಳಲ್ಲಿ ಸುರಕ್ಷತೆಯ ಬಗ್ಗೆ ಮಾತನಾಡಲು ಹೋದಾಗಲೆಲ್ಲ, ಮಾತು ಮುಗಿದು ಕಾಫಿ ಬರುವ ಹೊತ್ತಿಗೆ ಮಾಲೀಕರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಆ ಪ್ರಶ್ನೆಗಳನ್ನೂ ಅವಕ್ಕೆ ಕೊಡುತ್ತ ಬಂದ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಅಪಘಾತ ಈಗಾಗಲೇ ಆಗಿಹೋಗಿದ್ದು, ನೋಟಿಸ್ ಕೈಗೆ ಬಂದಿದ್ದರೆ ಇದನ್ನು ಓದುತ್ತ ಕೂರದೆ ವಕೀಲರನ್ನು ಕಾಣುವುದು ಒಳ್ಳೆಯದು.

ಈಗ ಜಾರಿಯಲ್ಲಿರುವುದು ಹಳೆಯ ಕಾರ್ಖಾನೆ ಕಾಯ್ದೆಯೋ, ಹೊಸ ಕಾನೂನೋ?

ಎಪ್ಪತ್ತಕ್ಕೂ ಹೆಚ್ಚು ವರ್ಷ ನಡೆದುಬಂದ 1948ರ ಕಾರ್ಖಾನೆಗಳ ಕಾಯ್ದೆ, ಗುತ್ತಿಗೆ ಕಾರ್ಮಿಕರ ಕಾಯ್ದೆ, ಕಟ್ಟಡ ಕಾರ್ಮಿಕರ ಕಾಯ್ದೆ ಸೇರಿದಂತೆ ಹದಿಮೂರು ಕಾನೂನುಗಳನ್ನು ಒಂದುಗೂಡಿಸಿ ಸಂಸತ್ತು ಮಾಡಿದ್ದು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020. ಕೇಂದ್ರ ಸರ್ಕಾರ ಇದನ್ನು 2025ರ ನವೆಂಬರ್ 21ರಂದು ಜಾರಿಗೆ ತಂದಿತು. ಹಳೆಯ ಕಾಯ್ದೆಗಳ ಅಡಿಯಲ್ಲಿ ರಚನೆಯಾಗಿದ್ದ ನಿಯಮಗಳು, ಹೊಸ ಸಂಹಿತೆಗೆ ವಿರುದ್ಧವಾಗದಷ್ಟರ ಮಟ್ಟಿಗೆ, ಅವುಗಳನ್ನು ತೆಗೆದುಹಾಕುವವರೆಗೂ ನಡೆಯುತ್ತವೆ. ಆದ್ದರಿಂದ 1969ರ ಕರ್ನಾಟಕ ಕಾರ್ಖಾನೆಗಳ ನಿಯಮಗಳ ಪುಸ್ತಕವನ್ನು ಯಾರೂ ಅವಸರದಲ್ಲಿ ರದ್ದಿಗೆ ಹಾಕಬೇಕಾಗಿಲ್ಲ.

ನನ್ನ ಅನುಭವದಲ್ಲಿ ಈ ಪ್ರಶ್ನೆಯನ್ನು ಬಹಳ ಮಂದಿ ಕೇಳುವುದು, ಎರಡರ ನಡುವೆ ಏನಾದರೂ ಬಿಡುವು ಸಿಕ್ಕೀತೇ ಎಂಬ ಆಸೆಯಿಂದ. ಅಂಥ ಬಿಡುವಿಲ್ಲ. ತಿರುಗುವ ಗಾಲಿಗೆ ಮರೆ ಕಟ್ಟಬೇಕು, ವಿಷಗಾಳಿಯ ತೊಟ್ಟಿಗೆ ಜನರನ್ನು ಇಳಿಸಬಾರದು ಎಂಬ ಮಾತು ಹಳೆಯ ಕಾನೂನಿನಲ್ಲೂ ಇತ್ತು, ಹೊಸದರಲ್ಲೂ ಇದೆ.

ನನ್ನದು ಸಣ್ಣ ಆಲೆಮನೆ, ಇರುವುದು ಆರೇ ಜನ. ನನಗೂ ಇದೆಲ್ಲ ಅನ್ವಯಿಸುತ್ತದೆಯೇ?

ಮೊದಲು ಲೆಕ್ಕ. ಹಳೆಯ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಕಡೆ ಹತ್ತು ಜನ, ಬಳಸದ ಕಡೆ ಇಪ್ಪತ್ತು ಜನ ಕಾರ್ಮಿಕರಿದ್ದರೆ ಅದು ಕಾರ್ಖಾನೆ ಎನಿಸುತ್ತಿತ್ತು; ಹೊಸ ಸಂಹಿತೆ ಈ ಸಂಖ್ಯೆಗಳನ್ನು 20 ಮತ್ತು 40ಕ್ಕೆ ಏರಿಸಿದೆ. ಆದರೆ ಕಾರ್ಖಾನೆ ಎಂಬ ಹೆಸರು ತಪ್ಪಿದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ, ಏಕೆಂದರೆ ಸಂಹಿತೆಯ ಸಾಮಾನ್ಯ ಕರ್ತವ್ಯಗಳು ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಯಾವುದೇ ಉದ್ದಿಮೆಗೆ ಅನ್ವಯಿಸುತ್ತವೆ, ಮತ್ತು ಜೀವಕ್ಕೆ ಅಪಾಯವಿರುವ ಕೆಲಸ ನಡೆಯುವ ಕಡೆ ಸರ್ಕಾರ ಅಧಿಸೂಚನೆ ಹೊರಡಿಸಿದರೆ ಈ ಹತ್ತರ ಮಿತಿಯೂ ಇರುವುದಿಲ್ಲ.

ಆರು ಜನರ ಆಲೆಮನೆಯವರು ಇಷ್ಟು ಕೇಳಿ ನಿಟ್ಟುಸಿರು ಬಿಡುತ್ತಾರೆ. ಅವರಿಗೆ ನಾನು ಹೇಳುವುದು ಎರಡು ಮಾತು. ಕಾರ್ಮಿಕರ ಪರಿಹಾರದ ಕಾನೂನು ತಲೆ ಎಣಿಸುವುದಿಲ್ಲ. ಯಂತ್ರ ಅಥವಾ ವಿದ್ಯುತ್ ಬಳಸಿ ತಯಾರಿಕೆ ನಡೆಯುವ ಜಾಗದಲ್ಲಿ ಒಬ್ಬನೇ ಕೂಲಿಯವನಿದ್ದು ಅವನ ಬೆರಳು ಹೋದರೂ ಮಾಲೀಕ ಪರಿಹಾರ ಕೊಡಬೇಕು. ಇನ್ನು ಭಾರತೀಯ ನ್ಯಾಯ ಸಂಹಿತೆಯ ಕಲಂ 289 ಯಂತ್ರವನ್ನು ನಿರ್ಲಕ್ಷ್ಯದಿಂದ ಇಟ್ಟುಕೊಂಡವನಿಗೂ, ಕಲಂ 106 ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದವನಿಗೂ ಶಿಕ್ಷೆ ಹೇಳುತ್ತದೆ. ಅಲ್ಲಿ ಆರು ಜನ, ಅರವತ್ತು ಜನ ಎಂಬ ಭೇದವಿಲ್ಲ.

ಪಾಂಡವಪುರದ ಕಡೆಯ ಒಂದು ಆಲೆಮನೆಯಲ್ಲಿ ಅರ್ಧ ಗಂಟೆ ನಿಂತು ನೋಡಿದ್ದು ಇನ್ನೂ ನೆನಪಿದೆ. ಗಾಣಕ್ಕೆ ಕಬ್ಬು ಕೊಡುವ ಹುಡುಗ ಎರಡೆರಡು ಜಲ್ಲೆ ಜೋಡಿಸಿ ತಳ್ಳುತ್ತಿದ್ದ. ಉದ್ದದ ಜಲ್ಲೆ ಇರುವಾಗ ಅವನ ಕೈ ರೋಲರಿನಿಂದ ಒಂದು ಮಾರು ದೂರ. ಮುರಿದ ತುಂಡು ಬಂದಾಗ ಮಾತ್ರ ಅದನ್ನು ಅಂಗೈಯಿಂದ ಒತ್ತಿ ಒಳಗೆ ನೂಕುತ್ತಿದ್ದ, ಆಗ ಅವನ ಬೆರಳಿಗೂ ರೋಲರಿಗೂ ನಡುವೆ ಉಳಿಯುತ್ತಿದ್ದದ್ದು ಒಂದು ಗೇಣು. ಅದೇ ಗಾಣದ ಬಾಯಿಗೆ ಮೂರು ಅಡಿ ಉದ್ದದ, ಮೇಲೂ ಮುಚ್ಚಿದ ತಗಡಿನ ದೋಣಿ ಕೂರಿಸಿ, ತುಂಡು ನೂಕಲು ಒಂದು ಮರದ ಕೋಲು ಇಟ್ಟರೆ ಕೈ ರೋಲರನ್ನು ಮುಟ್ಟುವುದೇ ಸಾಧ್ಯವಿಲ್ಲ. ಊರಿನ ವೆಲ್ಡಿಂಗ್ ಅಂಗಡಿಯವನು ಅರ್ಧ ದಿನದಲ್ಲಿ ಮಾಡಿಕೊಡುವ ಕೆಲಸ ಅದು.

ಕಾನೂನಿನ ಪ್ರಕಾರ ಮಾಲೀಕನ ಮೂಲ ಕರ್ತವ್ಯವೇನು?

ಸಂಹಿತೆಯ ಕಲಂ 6 ಇದನ್ನು ಹೇಳುತ್ತದೆ. ಗಾಯಕ್ಕೆ ಅಥವಾ ಔದ್ಯೋಗಿಕ ಕಾಯಿಲೆಗೆ ಕಾರಣವಾಗುವ, ಕಾರಣವಾಗಬಹುದಾದ ಅಪಾಯಗಳಿಂದ ಕೆಲಸದ ಜಾಗವನ್ನು ಮುಕ್ತವಾಗಿ ಇಡಬೇಕು. ನಿಗದಿಯಾದ ಸುರಕ್ಷತಾ ಮಾನದಂಡಗಳನ್ನು ಪಾಲಿಸಬೇಕು. ನಿಗದಿಪಡಿಸಿದ ವರ್ಗದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಮಾಡಿಸಬೇಕು. ಪ್ರತಿಯೊಬ್ಬನಿಗೂ ನೇಮಕಾತಿ ಪತ್ರ ಕೊಡಬೇಕು. ವಿಷಕಾರಿ ತ್ಯಾಜ್ಯವನ್ನು ಸರಿಯಾಗಿ ವಿಲೇವಾರಿ ಮಾಡಬೇಕು. ಸುರಕ್ಷತೆಗಾಗಿ ಮಾಡಿದ ಯಾವುದೇ ಖರ್ಚನ್ನು ಕಾರ್ಮಿಕನಿಂದ ವಸೂಲು ಮಾಡುವಂತಿಲ್ಲ.

'ಕಾರಣವಾಗಬಹುದಾದ' ಎಂಬ ಪದವನ್ನು ನಿಧಾನವಾಗಿ ಓದಿಕೊಳ್ಳಬೇಕು. ಇಲ್ಲಿಯವರೆಗೆ ಏನೂ ಆಗಿಲ್ಲ, ಮೂವತ್ತು ವರ್ಷದಿಂದ ಹೀಗೇ ನಡೆದಿದೆ ಎಂಬ ಮಾತು ಆ ಪದದ ಮುಂದೆ ನಿಲ್ಲುವುದಿಲ್ಲ. ಇಂಥ ಸಾಮಾನ್ಯ ಕರ್ತವ್ಯವನ್ನು ಹಳೆಯ ಕಾಯ್ದೆಗೆ ಸೇರಿಸಿದ್ದು 1987ರ ತಿದ್ದುಪಡಿ, ಅಂದರೆ 1984ರ ಡಿಸೆಂಬರಿನ ಭೋಪಾಲ್ ದುರಂತದ ನಂತರ. ಅದಕ್ಕೂ ಮೊದಲು ಕಾನೂನು ಯಂತ್ರಗಳನ್ನು ಒಂದೊಂದಾಗಿ ಹೆಸರಿಸಿ ಇದಕ್ಕೆ ಬೇಲಿ ಹಾಕು, ಅದಕ್ಕೆ ಮುಚ್ಚಳ ಹಾಕು ಎನ್ನುತ್ತಿತ್ತು. ಹೆಸರಿಸದ ಅಪಾಯಕ್ಕೂ ಮಾಲೀಕನೇ ಹೊಣೆ ಎಂಬ ತಿಳಿವು ಬರಲು ಅಷ್ಟು ದೊಡ್ಡ ಬೆಲೆ ತೆರಬೇಕಾಯಿತು. 1995ರಲ್ಲಿ ಸರ್ವೋಚ್ಚ ನ್ಯಾಯಾಲಯ ಕಲ್ನಾರು (ಆಸ್ಬೆಸ್ಟಾಸ್) ಕಾರ್ಮಿಕರ ಪ್ರಕರಣದಲ್ಲಿ, ದುಡಿಯುವವನ ಆರೋಗ್ಯದ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೇ ಎಂದು ಹೇಳಿತು.

ಮ್ಯಾನೇಜರ್ ಇದ್ದಾರೆ. ಕೇಸು ಬಂದರೆ ಅವರ ಮೇಲೆ ತಾನೇ ಬರುವುದು?

ಇಬ್ಬರ ಮೇಲೂ ಬರುತ್ತದೆ. ಕಾರ್ಖಾನೆಯ ವ್ಯವಹಾರದ ಮೇಲೆ ಅಂತಿಮ ಹಿಡಿತ ಯಾರದೋ ಅವರನ್ನು ಕಾನೂನು ಅಧಿಭೋಗದಾರ ಎಂದು ಕರೆಯುತ್ತದೆ. ಕಂಪನಿಯಾಗಿದ್ದರೆ ನಿರ್ದೇಶಕರಲ್ಲಿ ಒಬ್ಬರು ಮಾತ್ರ ಅಧಿಭೋಗದಾರರಾಗಬಹುದು, ಸಂಬಳದ ಅಧಿಕಾರಿಯೊಬ್ಬರನ್ನು ಆ ಜಾಗದಲ್ಲಿ ನಿಲ್ಲಿಸುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ತೀರ್ಪು ಕೊಟ್ಟಿದೆ.

ಯಂತ್ರಗಳಿಗೆ ಗಾರ್ಡ್ ಇದೆ, ಆದರೆ ಹುಡುಗರು ಬಿಚ್ಚಿಡುತ್ತಾರೆ. ನಾವೇನು ಮಾಡೋಣ?

ಇಡೀ ಪುಟದಲ್ಲಿ ನನಗೆ ಮುಖ್ಯವೆನಿಸುವ ಪ್ರಶ್ನೆ ಇದು, ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮಂಡ್ಯ ಜಿಲ್ಲೆಯ ಒಂದು ಅಕ್ಕಿ ಗಿರಣಿಯಲ್ಲಿ ಎಲಿವೇಟರಿನ ಬೆಲ್ಟು–ಪುಲ್ಲಿಗೆ ಹಾಕಬೇಕಾದ ಜಾಲರಿ ಗಾರ್ಡು ಗೋಡೆಗೆ ಒರಗಿ ನಿಂತಿತ್ತು. ಅದರ ಮೇಲೆ ಯಾರೋ ಟವಲ್ಲು ಒಣಹಾಕಿದ್ದರು. ಹಳದಿ ಬಣ್ಣ ಮಾಸಿರಲಿಲ್ಲ, ಬೋಲ್ಟಿನ ತೂತುಗಳಲ್ಲಿ ಮಾತ್ರ ಜೇಡ ಬಲೆ ಕಟ್ಟಿತ್ತು; ಎಂದರೆ ಬಿಚ್ಚಿಟ್ಟು ತಿಂಗಳುಗಳೇ ಆಗಿವೆ. ಮಾಲೀಕರು ನಮ್ಮೆದುರಿಗೇ ಆಪರೇಟರಿಗೆ, 'ಏನಪ್ಪಾ, ನಿಂಗೆ ಎಷ್ಟು ಸಲ ಹೇಳೋದು?' ಎಂದು ಗದರಿದರು. ಅವನು ತಲೆ ತಗ್ಗಿಸಿಕೊಂಡೇ, 'ಗ್ರೀಸು ಹೊಡೀಬೇಕಲ್ಲ ಸಾರ್, ದಿನಾ ಎಂಟು ಬೋಲ್ಟು ಬಿಚ್ಚಿ ಹಾಕೋಕಾಯ್ತದಾ?' ಎಂದ.

ಗಾರ್ಡು ಗೋಡೆ ಸೇರಿದ ಕಾರಣ ಅವನ ಉತ್ತರದಲ್ಲೇ ಇದೆ. ಬೇರಿಂಗಿಗೆ ಪ್ರತಿದಿನ ಗ್ರೀಸು ಬೇಕು, ಗ್ರೀಸು ಹೊಡೆಯುವ ನಿಪ್ಪಲ್ಲು ಗಾರ್ಡಿನ ಒಳಗಿದೆ. ನಿಪ್ಪಲ್ಲಿಗೊಂದು ಸಣ್ಣ ತಾಮ್ರದ ಪೈಪು ಕೊಟ್ಟು ಗಾರ್ಡಿನ ಹೊರಕ್ಕೆ ತಂದರೆ, ಗ್ರೀಸು ಹೊಡೆಯಲು ಗಾರ್ಡು ಬಿಚ್ಚಬೇಕಿಲ್ಲ, ಯಂತ್ರ ನಿಲ್ಲಿಸಬೇಕಿಲ್ಲ. ಒಳಗೆ ಕೈ ಹಾಕಲೇಬೇಕಾದ ಕಡೆ ಎಂಟು ಬೋಲ್ಟಿನ ಬದಲು ಕೀಲಿನ ಬಾಗಿಲು ಇಟ್ಟು, ಬಾಗಿಲು ತೆರೆದ ಕೂಡಲೇ ಮೋಟಾರು ನಿಲ್ಲುವ ಹಾಗೆ ಇಂಟರ್‌ಲಾಕ್ ಸ್ವಿಚ್ಚು ಕೂರಿಸಬಹುದು. ಕಾನೂನು ಗಾರ್ಡನ್ನು ಕೊಂಡು ತರಬೇಕೆಂದು ಹೇಳಿ ಸುಮ್ಮನಾಗುವುದಿಲ್ಲ; ಯಂತ್ರ ಓಡುತ್ತಿರುವಷ್ಟು ಹೊತ್ತೂ ಅದು ತನ್ನ ಜಾಗದಲ್ಲಿ ಇರಬೇಕು, ಗಟ್ಟಿಯಾಗಿರಬೇಕು ಎನ್ನುತ್ತದೆ. ಬಿಚ್ಚದೆ ಕೆಲಸವೇ ಸಾಗದಂಥ ಗಾರ್ಡು ಕೊಟ್ಟವರು ಕಾನೂನನ್ನು ಪಾಲಿಸಿದಂತೆ ಆಗುವುದಿಲ್ಲ.

ರಿಪೇರಿಯ ಸಮಯ ಇನ್ನೂ ಅಪಾಯದ್ದು. ಒಬ್ಬ ಯಂತ್ರದ ಒಳಗೆ ತಲೆ ಹಾಕಿರುವಾಗ, ಇನ್ನೊಬ್ಬ ಊಟ ಮುಗಿಸಿ ಬಂದು ಏನೂ ತಿಳಿಯದೆ ಸ್ವಿಚ್ಚು ಒತ್ತುತ್ತಾನೆ. ಇದಕ್ಕೆ ಮದ್ದು ಮೇನ್ ಐಸೊಲೇಟರಿಗೆ (ಯಂತ್ರದ ವಿದ್ಯುತ್ತನ್ನು ಪೂರ್ತಿ ಕಡಿಯುವ ಸ್ವಿಚ್ಚಿಗೆ) ಬೀಗ ಹಾಕಿ, ಒಳಗೆ ಕೈ ಹಾಕುವವನೇ ಅದರ ಬೀಗದಕೈಯನ್ನು ತನ್ನ ಜೇಬಿನಲ್ಲಿ ಇಟ್ಟುಕೊಳ್ಳುವುದು. ಮೂವರು ಒಳಗಿದ್ದರೆ ಮೂರು ಬೀಗ. 'ಮುಟ್ಟಬೇಡಿ' ಎಂದು ರಟ್ಟಿನ ಮೇಲೆ ಬರೆದು ನೇತುಹಾಕಿದರೆ ಸಾಲದು, ರಟ್ಟು ಗಾಳಿಗೆ ತಿರುಗಿಕೊಳ್ಳುತ್ತದೆ.

ಲೇತ್ ಅಂಗಡಿಯಲ್ಲಿ ಮಾಡಿಸಿದ ಯಂತ್ರ, ಸೆಕೆಂಡ್ ಹ್ಯಾಂಡ್ ಪವರ್ ಪ್ರೆಸ್ ತಂದವರು ಇನ್ನೊಂದು ವಿಷಯ ತಿಳಿದಿರಬೇಕು. ಯಂತ್ರವನ್ನು ವಿನ್ಯಾಸ ಮಾಡಿದವರು, ತಯಾರಿಸಿದವರು, ಆಮದು ಮಾಡಿದವರು ಅದು ಸುರಕ್ಷಿತವಾಗಿರುವಂತೆ ನೋಡಿಕೊಳ್ಳಬೇಕೆಂದು ಸಂಹಿತೆಯ ಕಲಂ 8 ವಿಧಿಸುತ್ತದೆ. ಆದ್ದರಿಂದ ಪ್ರೆಸ್ಸಿಗೆ ಎರಡೂ ಕೈಯಿಂದ ಒತ್ತಿದರೆ ಮಾತ್ರ ಇಳಿಯುವ ಬಟನ್ನು ಬೇಕೆಂದು ಮಾರುವವರನ್ನು ಖರೀದಿಯ ದಿನವೇ ಕೇಳಿ ಬರೆಸಿಕೊಳ್ಳಿ, ಹಣ ಕೊಟ್ಟಾದ ಮೇಲೆ ಯಾರೂ ಕಿವಿಗೊಡುವುದಿಲ್ಲ.

ಹೆಲ್ಮೆಟ್ಟು, ಗ್ಲೌಸು, ಶೂ ಕೊಟ್ಟು ಸಹಿ ಹಾಕಿಸಿಕೊಂಡಿದ್ದೇವೆ. ಅಷ್ಟು ಸಾಲದೇ?

ಸಾಲದು. ಅಪಾಯವನ್ನು ಮೂಲದಲ್ಲೇ ತೆಗೆಯಲು ಆಗುವುದೇ, ಆಗದಿದ್ದರೆ ಮರೆ ಕಟ್ಟಲು ಆಗುವುದೇ ಎಂದು ನೋಡಿ, ಅದೂ ಆಗದ ಮೇಲೆ ಉಳಿಯುವ ಕೊನೆಯ ಉಪಾಯ ಮೈಮೇಲೆ ಹಾಕುವ ಸಾಧನ. ಕೆಲವು ಕಡೆ ಅದೇ ಅಪಾಯ. ತಿರುಗುವ ಡ್ರಿಲ್ಲಿನ ಮುಂದೆ ಬಟ್ಟೆಯ ಗ್ಲೌಸು ಹಾಕಿದವನ ಕೈಯನ್ನು ಡ್ರಿಲ್ಲೇ ಎಳೆದುಕೊಳ್ಳುತ್ತದೆ. ಸಹಿಯ ಪುಸ್ತಕ ಸಾಧನ ಕೊಟ್ಟದ್ದಕ್ಕೆ ಸಾಕ್ಷಿಯಾದೀತೇ ಹೊರತು, ಆ ಸಾಧನ ಆ ಕೆಲಸಕ್ಕೆ ತಕ್ಕದ್ದಾಗಿತ್ತು, ಬಳಸಲು ಕಲಿಸಲಾಗಿತ್ತು, ಹರಿದಾಗ ಬದಲಿಸಲಾಗಿತ್ತು ಎಂಬುದಕ್ಕೆ ಸಾಕ್ಷಿಯಾಗದು. ಶೂವಿನ ದುಡ್ಡನ್ನು ಮೊದಲ ತಿಂಗಳ ಸಂಬಳದಲ್ಲಿ ಹಿಡಿಯುವ ಪದ್ಧತಿ ಇನ್ನೂ ಕೆಲವು ಕಡೆ ಇದೆ. ಅದು ಕಾನೂನುಬಾಹಿರ.

ಕೆಲಸದವರು ನಮ್ಮವರಲ್ಲ, ಗುತ್ತಿಗೆದಾರನ ಕಡೆಯವರು. ಆಗಲೂ ನಮ್ಮ ಹೊಣೆಯೇ?

ಹೌದು. ನಿಮ್ಮ ಗೇಟಿನೊಳಗೆ, ನಿಮ್ಮ ಯಂತ್ರದ ಮುಂದೆ, ನಿಮ್ಮ ಬಾಯ್ಲರಿನ ಪಕ್ಕದಲ್ಲಿ ನಿಂತವನ ಸುರಕ್ಷತೆಗೆ ಜಾಗದ ಹಿಡಿತ ಇರುವ ನೀವೇ ಹೊಣೆ. ಕುಡಿಯುವ ನೀರು, ಶೌಚಾಲಯ, ಪ್ರಥಮ ಚಿಕಿತ್ಸೆ ಮುಂತಾದ ಸೌಲಭ್ಯಗಳನ್ನು ಗುತ್ತಿಗೆ ಕಾರ್ಮಿಕರಿಗೆ ಮುಖ್ಯ ಉದ್ಯೋಗದಾತನೇ, ಅಂದರೆ ನೀವೇ, ಒದಗಿಸಬೇಕೆಂದು ಸಂಹಿತೆ ಹೇಳುತ್ತದೆ. ಪರಿಹಾರವನ್ನೂ ಕಾರ್ಮಿಕ ನೇರವಾಗಿ ನಿಮ್ಮಿಂದ ಕೇಳಬಹುದು. ಕೊಟ್ಟದ್ದನ್ನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳುವುದು ನಿಮಗೂ ಅವನಿಗೂ ಬಿಟ್ಟದ್ದು. ಎಲ್ಲ ಹೊಣೆಯೂ ಗುತ್ತಿಗೆದಾರನದೇ ಎಂದು ಸ್ಟಾಂಪು ಪೇಪರಿನಲ್ಲಿ ಬರೆಸಿಕೊಂಡ ಸಾಲು ನಿಮ್ಮಿಬ್ಬರ ನಡುವಿನ ಮಾತು, ಗಾಯಗೊಂಡವನನ್ನು ಅದು ಕಟ್ಟುವುದಿಲ್ಲ.

ಬೇರೆ ರಾಜ್ಯಗಳಿಂದ ಬಂದ ಕೆಲಸಗಾರರು ಈಗ ನಮ್ಮ ಆಲೆಮನೆಗಳಲ್ಲೂ ಕೈಗಾರಿಕಾ ಪ್ರದೇಶಗಳಲ್ಲೂ ಬಹಳ ಮಂದಿ ಇದ್ದಾರೆ. ಎಚ್ಚರಿಕೆಯ ಫಲಕವನ್ನು ಕನ್ನಡದಲ್ಲಿ ಮಾತ್ರ ಬರೆಸಿ, ಅವರಿಗೆ ತಿಳಿಸಿದ್ದೆವು ಎನ್ನುವುದು ನ್ಯಾಯವಲ್ಲ. ಚಿತ್ರ ಬರೆಸಿ, ಅವರ ಭಾಷೆ ಬಲ್ಲ ಒಬ್ಬನಿಂದ ಯಂತ್ರದ ಮುಂದೆ ನಿಂತು ಹೇಳಿಸಿ.

ತೊಟ್ಟಿ, ಟ್ಯಾಂಕು, ಗುಂಡಿಗಳನ್ನು ತೊಳೆಸುವಾಗ ಏನು ಎಚ್ಚರ ವಹಿಸಬೇಕು?

ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯುವ ಪಾಕ) ಟ್ಯಾಂಕು, ತ್ಯಾಜ್ಯ ನೀರಿನ ತೊಟ್ಟಿ, ಭತ್ತ ನೆನೆಸುವ ತೊಟ್ಟಿ, ಹೋಟೆಲ್ಲಿನ ಸೆಪ್ಟಿಕ್ ಟ್ಯಾಂಕು, ಇವುಗಳಲ್ಲಿ ಸಾವು ಒಂಟಿಯಾಗಿ ಬರುವುದು ಅಪರೂಪ. ಮೊದಲು ಇಳಿದವನು ಬಿದ್ದದ್ದನ್ನು ಕಂಡು ಎರಡನೆಯವನು ಇಳಿಯುತ್ತಾನೆ, ಅವನನ್ನು ಎಳೆಯಲು ಮೂರನೆಯವನು.

ಕಾಕಂಬಿ ಹುಳಿತರೆ ಇಂಗಾಲದ ಡೈ ಆಕ್ಸೈಡ್ ಹುಟ್ಟುತ್ತದೆ. ಅದು ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ನಿಂತು ಆಮ್ಲಜನಕವನ್ನು ಮೇಲಕ್ಕೆ ದೂಡುತ್ತದೆ. ಕೊಳೆತ ಕೆಸರಿನಿಂದ ಹೈಡ್ರೋಜನ್ ಸಲ್ಫೈಡ್ ಬರುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದಾಗ ಅದು ಮೂಗಿನ ಗ್ರಹಣಶಕ್ತಿಯನ್ನೇ ಕೊಲ್ಲುವುದರಿಂದ ವಾಸನೆ ನಿಂತುಹೋಗುತ್ತದೆ, ಇಳಿದವನು ಈಗ ವಾಸನೆಯಿಲ್ಲ ಎಂದು ಧೈರ್ಯಪಡುತ್ತಾನೆ. ಬಾವಿಗೆ ಇಳಿಯುವ ಮುಂಚೆ ಲಾಂದ್ರ ಇಳಿಬಿಟ್ಟು ದೀಪ ಆರುತ್ತದೆಯೇ ಎಂದು ನೋಡುವ ನಮ್ಮ ಹಿರಿಯರ ರೂಢಿ ಬುದ್ಧಿವಂತಿಕೆಯದೇ ಆಗಿತ್ತು, ಆದರೆ ಅದು ಈ ವಿಷಾನಿಲವನ್ನು ತೋರಿಸುವುದಿಲ್ಲ, ಮೀಥೇನ್ ಇದ್ದ ಕಡೆ ಬೆಂಕಿಯನ್ನೇ ಹಚ್ಚುತ್ತದೆ.

ಆದ್ದರಿಂದ ಅನಿಲ ಮಾಪಕ ಬೇಕು. ಸಹಜ ಗಾಳಿಯಲ್ಲಿ ಆಮ್ಲಜನಕ ಸುಮಾರು 20.9 ಶೇಕಡಾ ಇರುತ್ತದೆ, 19.5ಕ್ಕಿಂತ ಕೆಳಗಿಳಿದ ಕಡೆ ಯಾರೂ ಇಳಿಯಬಾರದು. ಬ್ಲೋವರ್ ಇಟ್ಟು ಗಾಳಿ ಆಡಿಸಬೇಕು, ಜವಾಬ್ದಾರಿಯುಳ್ಳವನು ಪರೀಕ್ಷಿಸಿ ಬರವಣಿಗೆಯಲ್ಲಿ ಅನುಮತಿ ಕೊಡಬೇಕು, ಇಳಿಯುವವನಿಗೆ ಬೆಲ್ಟು ಮತ್ತು ಹಗ್ಗ ಕಟ್ಟಿ ಅದರ ಇನ್ನೊಂದು ತುದಿ ಹೊರಗಿನವನ ಕೈಯಲ್ಲಿರಬೇಕು, ಆ ಹೊರಗಿನವನು ಬೀಡಿ ಸೇದಲು ಎದ್ದುಹೋಗಬಾರದು. ಒಳಗೆ ಬಳಸುವ ಕೈದೀಪ 24 ವೋಲ್ಟಿಗಿಂತ ಹೆಚ್ಚಿನದಾಗಿರಬಾರದು.

ಸೆಪ್ಟಿಕ್ ಟ್ಯಾಂಕು ಮತ್ತು ಒಳಚರಂಡಿಯ ಮಾತು ಬೇರೆ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಅದರೊಳಗೆ ಇಳಿಸುವುದು ಮಲಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾನೂನಿನ ಪ್ರಕಾರ ಅಪರಾಧ, ಇಳಿಸಿದವರು ಮನೆ ಮಾಲೀಕರಾಗಲಿ, ಲಾಡ್ಜಿನವರಾಗಲಿ. ಒಳಚರಂಡಿ ಸಾವುಗಳಿಗೆ ಕೊಡುವ ಪರಿಹಾರವನ್ನು 2023ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಹೀರುವ ಯಂತ್ರದ ಗಾಡಿ ಮೈಸೂರಿನಲ್ಲೂ ಮಂಡ್ಯದಲ್ಲೂ ಬಾಡಿಗೆಗೆ ಸಿಗುತ್ತದೆ.

ಧೂಳು, ಶಬ್ದದಿಂದ ಬರುವ ಕಾಯಿಲೆಗೂ ನಾವೇ ಹೊಣೆಯೇ?

ಕಾನೂನು ಗಾಯಕ್ಕೂ ಕಾಯಿಲೆಗೂ ಭೇದ ಮಾಡುವುದಿಲ್ಲ. ನಾವು ಮಾಡುತ್ತೇವೆ, ಏಕೆಂದರೆ ರಕ್ತ ಕಣ್ಣಿಗೆ ಕಾಣುತ್ತದೆ, ಶ್ವಾಸಕೋಶ ಕಾಣುವುದಿಲ್ಲ. ಸಕ್ಕರೆ ಕಾರ್ಖಾನೆಯ ಚಿಮಣಿಯನ್ನು 1930ರ ದಶಕದಿಂದ ನೋಡುತ್ತ ಬಂದ ಮಂಡ್ಯಕ್ಕೆ ರಚ್ಚಿನ (ರಸ ಹಿಂಡಿದ ಕಬ್ಬಿನ ಸಿಪ್ಪೆಯ) ರಾಶಿ ಹೊಸದಲ್ಲ. ಹಸಿ ರಚ್ಚು ಅಷ್ಟು ತೊಂದರೆಯದಲ್ಲ. ತಿಂಗಳುಗಟ್ಟಲೆ ರಾಶಿ ಬಿದ್ದು, ಒಳಗೇ ಕಾವು ಏರಿ, ಬೂಷ್ಟು ಹಿಡಿದ ರಚ್ಚನ್ನು ಬಿಡಿಸುವಾಗ ಏಳುವ ಧೂಳಿನಿಂದ ಜ್ವರ, ಕೆಮ್ಮು, ಏದುಸಿರು ಬರುತ್ತದೆ, ಬಹಳ ಸಲ ಅದನ್ನು ನ್ಯುಮೋನಿಯಾ ಎಂದೇ ತಿಳಿಯಲಾಗುತ್ತದೆ. ಇದರ ಹೆಸರು ಬಗಾಸೋಸಿಸ್, ಮತ್ತು ಕಾರ್ಮಿಕರ ಪರಿಹಾರ ಕಾನೂನಿನ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿ ಇದು ಇದೆ. ರಾಶಿಯನ್ನು ತೇವವಾಗಿಡುವುದು, ಬಿಡಿಸುವವರಿಗೆ ಸರಿಯಾದ ಮಾಸ್ಕು ಕೊಡುವುದು, ಕೆಮ್ಮುವವನನ್ನು ಆ ಕೆಲಸದಿಂದ ಬೇರೆಡೆಗೆ ಹಾಕುವುದು, ಇಷ್ಟು ಮಾಡಬಹುದು. ಮುಖಕ್ಕೆ ಸುತ್ತಿಕೊಂಡ ವಲ್ಲಿ ಈ ಧೂಳನ್ನು ತಡೆಯುವುದಿಲ್ಲ.

ಶಬ್ದದಿಂದ ಆಗುವ ಕಿವುಡುತನ, ಕಲ್ಲಿನ ಧೂಳಿನಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್, ಸೀಸದ ವಿಷ ಮುಂತಾದವು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಗಳು. ವರದಿ ಮಾಡುವ ಹೊಣೆ ಮಾಲೀಕನಿಗೂ ಇದೆ, ಚಿಕಿತ್ಸೆ ಮಾಡಿದ ವೈದ್ಯರಿಗೂ ಇದೆ.

ಸೇಫ್ಟಿ ಆಫೀಸರ್, ಕ್ಯಾಂಟೀನು, ಶಿಶುಪಾಲನಾ ಕೊಠಡಿ ಯಾವಾಗ ಕಡ್ಡಾಯ?

ಸಂಹಿತೆಯ ಪ್ರಕಾರ ಸುರಕ್ಷತಾ ಅಧಿಕಾರಿ 500 ಕಾರ್ಮಿಕರಿರುವ ಕಾರ್ಖಾನೆಗೆ, ಅಪಾಯಕಾರಿ ಪ್ರಕ್ರಿಯೆ ಇದ್ದರೆ 250ಕ್ಕೇ ಬೇಕು. ಕ್ಯಾಂಟೀನಿಗೆ ಗುತ್ತಿಗೆಯವರೂ ಸೇರಿ 100 ಜನ; ಶಿಶುಪಾಲನಾ ಕೊಠಡಿಗೆ 50ಕ್ಕಿಂತ ಹೆಚ್ಚು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲರಿಗೂ ಬೇಕು, ಮತ್ತು ಅದಕ್ಕೆ ಬೀಗ ಹಾಕಿ ಕೀಲಿಯನ್ನು ಆಫೀಸಿನಲ್ಲಿಟ್ಟರೆ ರಾತ್ರಿ ಪಾಳಿಗೆ ಅದು ಇದ್ದೂ ಇಲ್ಲದ ಹಾಗೆ.

ರಾತ್ರಿ ಪಾಳಿಗೆ ಮಹಿಳೆಯರನ್ನು ಹಾಕಬಹುದೇ?

ಅವರ ಒಪ್ಪಿಗೆ ಇದ್ದರೆ, ಸುರಕ್ಷತೆ ಮತ್ತು ಸಾಗಾಟಕ್ಕೆ ಸರ್ಕಾರ ವಿಧಿಸಿದ ಷರತ್ತುಗಳಿಗೆ ಒಳಪಟ್ಟು, ಸಂಜೆ 7ರ ನಂತರ ಮತ್ತು ಬೆಳಿಗ್ಗೆ 6ಕ್ಕೆ ಮೊದಲು ದುಡಿಸಿಕೊಳ್ಳಬಹುದು. ಒಪ್ಪಿಗೆಯಿಲ್ಲ ಎಂದವಳನ್ನು ಕೆಲಸದಿಂದ ಬಿಡಿಸಿದರೆ, ಉಳಿದವರು ಕೊಟ್ಟ ಸಹಿಗೂ ಒಪ್ಪಿಗೆ ಎಂಬ ಬೆಲೆ ಉಳಿಯುವುದಿಲ್ಲ. ಇದಲ್ಲದೆ, ಹತ್ತು ಅಥವಾ ಹೆಚ್ಚು ಜನರಿರುವ ಪ್ರತಿಯೊಂದು ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು, ಇಲ್ಲದಿದ್ದರೆ 50,000 ರೂಪಾಯಿವರೆಗೆ ದಂಡ.

ಅಪಘಾತವಾದ ಕೂಡಲೇ ಏನು ಮಾಡಬೇಕು?

ಮೊದಲು ಮನುಷ್ಯ. ಯಂತ್ರ ನಿಲ್ಲಿಸಿ, ವಿದ್ಯುತ್ ಕಡಿದು, 108ಕ್ಕೆ ಕರೆ ಮಾಡಿ. ಕೊಪ್ಪರಿಗೆಯ ಬಿಸಿ ಪಾಕ ಮೈಮೇಲೆ ಬಿದ್ದರೆ ತಣ್ಣೀರನ್ನು ಇಪ್ಪತ್ತು ನಿಮಿಷ ಸುರಿಯುತ್ತಿರಬೇಕು. ಪಾಕ ಅಂಟಿಕೊಂಡು ಸುಡುತ್ತಲೇ ಇರುವುದರಿಂದ ಇದು ಬಹಳ ಮುಖ್ಯ. ಟೂತ್ ಪೇಸ್ಟು, ಇಂಕು, ಅರಿಶಿನ ಹಚ್ಚಬಾರದು, ಅಂಟಿದ ಬಟ್ಟೆಯನ್ನು ಕಿತ್ತೆಳೆಯಬಾರದು. ತುಂಡಾದ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಐಸಿನ ಮೇಲಿಡಬೇಕು. ಬೆರಳಿಗೆ ನೇರವಾಗಿ ಐಸು ತಾಗಬಾರದು.

ಆಮೇಲೆ ವರದಿ. ಸಾವು ಸಂಭವಿಸಿದರೆ, ಅಥವಾ ಗಾಯಗೊಂಡವನು 48 ಗಂಟೆ ಅಥವಾ ಹೆಚ್ಚು ಕಾಲ ಕೆಲಸಕ್ಕೆ ಬರಲಾಗದಿದ್ದರೆ, ಅಧಿಕಾರಿಗಳಿಗೆ ತಿಳಿಸಲೇಬೇಕು. ಕಾರ್ಖಾನೆಯಾಗಿದ್ದರೆ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯವನಾಗಿದ್ದರೆ ಆ ನಿಗಮಕ್ಕೂ. ಸಾವಿನ ಪ್ರಕರಣದಲ್ಲಿ ಎರಡು ತಿಂಗಳೊಳಗೆ ವಿಚಾರಣೆ ನಡೆಸಬೇಕೆಂದು ಸಂಹಿತೆ ಹೇಳುತ್ತದೆ. ಮನೆಯಲ್ಲಿ ಜಾರಿ ಬಿದ್ದ ಎಂದು ಆಸ್ಪತ್ರೆಯಲ್ಲಿ ಬರೆಸುವ ಚಾಳಿಯನ್ನು ನಾನು ಕಂಡಿದ್ದೇನೆ. ಅದರಿಂದ ಕಾರ್ಮಿಕ ಇಎಸ್‌ಐ ಸೌಲಭ್ಯ ಕಳೆದುಕೊಳ್ಳುತ್ತಾನೆ, ಮಾಲೀಕ ನಿರ್ಲಕ್ಷ್ಯದ ಜೊತೆಗೆ ಸುಳ್ಳಿನ ಹೊರೆಯನ್ನೂ ಹೊರುತ್ತಾನೆ.

ಪರಿಹಾರ ಎಷ್ಟು ಕೊಡಬೇಕಾಗುತ್ತದೆ?

ಹತ್ತು ಜನರಿರುವ ಕಡೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳದವರಿಗೆ ಇಎಸ್‌ಐ ಇರುತ್ತದೆ. ಮಾಲೀಕನ ವಂತಿಗೆ 3.25 ಶೇಕಡಾ, ಕಾರ್ಮಿಕನದು 0.75. ಇಎಸ್‌ಐ ಇದ್ದವನಿಗೆ ಚಿಕಿತ್ಸೆ, ತಾತ್ಕಾಲಿಕ ಅಂಗವೈಕಲ್ಯದ ಅವಧಿಗೆ ಕೂಲಿಯ 90 ಶೇಕಡಾ, ಸತ್ತರೆ ಅವಲಂಬಿತರಿಗೆ ಮಾಸಾಶನ, ಎಲ್ಲವನ್ನೂ ನಿಗಮವೇ ಕೊಡುತ್ತದೆ. ತಿಂಗಳಿಗೆ ಕೆಲವು ನೂರು ರೂಪಾಯಿ ಉಳಿಸಲು ನೋಂದಣಿ ಮಾಡಿಸದವರನ್ನು ಕಂಡರೆ ನನಗೆ ಮರುಕ ಬರುತ್ತದೆ, ಏಕೆ ಎಂಬುದು ಮುಂದಿನ ಲೆಕ್ಕದಲ್ಲಿದೆ.

ಇಎಸ್‌ಐ ಇಲ್ಲದವನಿಗೆ ಪರಿಹಾರ ಮಾಲೀಕನ ಜೇಬಿನಿಂದ. ತಿಂಗಳಿಗೆ 15,000 ರೂಪಾಯಿ ಸಂಬಳದ, 40 ವರ್ಷದವನೊಬ್ಬ ಸತ್ತ ಎಂದುಕೊಳ್ಳಿ. ಸಂಬಳದ ಅರ್ಧ, ಅಂದರೆ 7,500ನ್ನು ಆ ವಯಸ್ಸಿಗೆ ಕಾನೂನಿನ ಪಟ್ಟಿಯಲ್ಲಿರುವ 184.17ರಿಂದ ಗುಣಿಸಿದರೆ 13,81,275 ರೂಪಾಯಿ. ಅದೇ ಸಂಬಳದ 30 ವರ್ಷದವನ ಹೆಬ್ಬೆರಳು ಹೋದರೆ, ಸಂಬಳದ 60 ಶೇಕಡಾ ಅಂದರೆ 9,000ವನ್ನು 207.98ರಿಂದ ಗುಣಿಸಿ, ಹೆಬ್ಬೆರಳಿಗೆ ಪಟ್ಟಿಯಲ್ಲಿ ಹೇಳಿರುವ 30 ಶೇಕಡಾ ನಷ್ಟವನ್ನು ಹಿಡಿದರೆ 5,61,546 ರೂಪಾಯಿ. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ 12 ಶೇಕಡಾ ಬಡ್ಡಿ, ಸಕಾರಣವಿಲ್ಲದೆ ತಡಮಾಡಿದರೆ ಮೊತ್ತದ ಅರ್ಧದವರೆಗೆ ದಂಡ. ಸಾವಿನ ಪರಿಹಾರವನ್ನು ಮನೆಯವರ ಕೈಗೆ ನೇರವಾಗಿ ಕೊಟ್ಟು ರಾಜಿ ಪತ್ರ ಬರೆಸಿಕೊಳ್ಳುವುದು ಊರಿನ ಹಿರಿಯರ ಮುಂದೆ ನಡೆದುಹೋಗುತ್ತದೆ; ಕಾನೂನು ಅದನ್ನು ಒಪ್ಪುವುದಿಲ್ಲ, ಹಣವನ್ನು ಪರಿಹಾರ ಅಧಿಕಾರಿಯ ಮುಂದೆಯೇ ಠೇವಣಿ ಇಡಬೇಕು.

ತಪ್ಪು ಕಾರ್ಮಿಕನದೇ ಆಗಿದ್ದರೆ?

ಕುಡಿದು ಬಂದಿದ್ದ, ಸುರಕ್ಷತಾ ನಿಯಮವನ್ನು ಬೇಕೆಂದೇ ಮುರಿದ, ರಕ್ಷಣೆಯ ಸಾಧನವೆಂದು ತಿಳಿದೂ ಅದನ್ನು ಬಿಚ್ಚಿದ ಎಂದು ಮಾಲೀಕ ರುಜುವಾತು ಮಾಡಿದರೆ ಪರಿಹಾರದಿಂದ ವಿನಾಯಿತಿ ಉಂಟು. ಆದರೆ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಉಂಟಾದಾಗ ಈ ವಾದವೂ ನಡೆಯುವುದಿಲ್ಲ. ಬರಿಯ ಅಜಾಗರೂಕತೆ ಬೇರೆ, ಬೇಕೆಂದೇ ಮುರಿಯುವುದು ಬೇರೆ. ಗೋಡೆಗೊರಗಿದ ಆ ಗಾರ್ಡನ್ನು ದಿನವೂ ನೋಡುತ್ತ ಓಡಾಡಿದ ಸೂಪರ್‌ವೈಸರ್ ಇದ್ದ ಕಡೆ, ಬಿಚ್ಚಿದವನು ಕಾರ್ಮಿಕನೊಬ್ಬನೇ ಎಂದು ಯಾವ ಅಧಿಕಾರಿ ಒಪ್ಪಿಯಾನು?

ಕಾರ್ಮಿಕನಿಗೂ ಕರ್ತವ್ಯಗಳಿವೆ, ಉಲ್ಲಂಘಿಸಿದರೆ ಅವನಿಗೂ 10,000 ರೂಪಾಯಿವರೆಗೆ ದಂಡವಿದೆ. ಹಾಗೆಯೇ ಹಕ್ಕೂ ಇದೆ. ಪ್ರಾಣಾಪಾಯ ಸನ್ನಿಹಿತವಾಗಿದೆ ಎನಿಸಿದರೆ ಅವನು ಮಾಲೀಕನಿಗೂ ಅದೇ ಹೊತ್ತಿಗೆ ಇಲಾಖೆಯ ಅಧಿಕಾರಿಗೂ ತಿಳಿಸಬಹುದು. ಮಾಲೀಕ ತಕ್ಷಣ ಸರಿಪಡಿಸಬೇಕು. ಅಪಾಯವಿಲ್ಲ ಎಂದು ಅವನಿಗೆ ಅನಿಸಿದರೆ ವಿಷಯವನ್ನು ಅಧಿಕಾರಿಗೆ ಒಪ್ಪಿಸಬೇಕು, ಅಲ್ಲಿ ಬಂದ ತೀರ್ಮಾನವೇ ಅಂತಿಮ.

ಕರ್ತವ್ಯ ತಪ್ಪಿದರೆ ಶಿಕ್ಷೆ ಏನು?

ಬೇರೆ ಶಿಕ್ಷೆ ಹೇಳದ ಉಲ್ಲಂಘನೆಗಳಿಗೆ 2ರಿಂದ 3 ಲಕ್ಷ ರೂಪಾಯಿ ದಂಡ. ಕರ್ತವ್ಯಲೋಪದಿಂದ ಸಾವು ಸಂಭವಿಸಿದರೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಕನಿಷ್ಠ 5 ಲಕ್ಷ ದಂಡ ಅಥವಾ ಎರಡೂ. ತೀವ್ರ ಗಾಯವಾದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 2ರಿಂದ 4 ಲಕ್ಷ ದಂಡ ಅಥವಾ ಎರಡೂ. ಈ ದಂಡದಲ್ಲಿ ಕನಿಷ್ಠ ಅರ್ಧವನ್ನು ಗಾಯಗೊಂಡವನಿಗೆ ಅಥವಾ ಸತ್ತವನ ವಾರಸುದಾರರಿಗೆ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಹಿಂದಿನ ಕಾರ್ಖಾನೆ ಕಾಯ್ದೆಯಲ್ಲಿ ಹೀಗೆ ಹೇಳಿರಲಿಲ್ಲ, ಈ ಒಂದು ಬದಲಾವಣೆ ನನಗೆ ಸರಿ ಕಂಡಿದೆ.

ಎಲ್ಲವನ್ನೂ ಒಟ್ಟಿಗೆ ಮಾಡಲು ನಮ್ಮಿಂದಾಗದು. ಎಲ್ಲಿಂದ ಶುರು ಮಾಡಬೇಕು?

ಸೋಮವಾರ ಬೆಳಿಗ್ಗೆ ಪಾಳಿ ಶುರುವಾದ ಮೇಲೆ, ಯಂತ್ರಗಳು ಓಡುತ್ತಿರುವಾಗ, ಕೈಯಲ್ಲಿ ಒಂದು ನೋಟ್‌ಬುಕ್ ಹಿಡಿದು ಗೇಟಿನಿಂದ ಕೊನೆಯ ಗೋಡೌನಿನವರೆಗೆ ನಡೆಯಿರಿ. ಜೊತೆಗೆ ಮ್ಯಾನೇಜರ್ ಬೇಡ, ಅಲ್ಲಿ ಹತ್ತು ವರ್ಷ ದುಡಿದ ಆಪರೇಟರ್ ಒಬ್ಬ ಇರಲಿ. ಪ್ರತಿ ಯಂತ್ರದ ಮುಂದೆ ನಿಂತು, ಇಲ್ಲಿ ಯಾವಾಗ ಕೈ ಹಾಕಬೇಕಾಗುತ್ತದೆ, ಏಕೆ ಹಾಕಬೇಕಾಗುತ್ತದೆ ಎಂದು ಅವನನ್ನು ಕೇಳಿ ಬರೆದುಕೊಳ್ಳಿ. ಜೀವ ಅಥವಾ ಅಂಗ ಹೋಗುವಂಥವುಗಳ ಎದುರು ಗುರುತು ಹಾಕಿ. ಆ ಗುರುತುಗಳಲ್ಲಿ ವೆಲ್ಡರ್ ಒಬ್ಬನಿಂದ ಆಗುವ ಕೆಲಸ ಎಷ್ಟಿವೆಯೋ ಅಷ್ಟಕ್ಕೂ ಅವನನ್ನು ಅದೇ ದಿನ ಕರೆಸಿ.